ಉಬ್ಬು ಯಾರನ್ನು ತಡೆಯಬೇಕು?

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಕೇಳಿದಾಗ ನನ್ನ ಗೆಳೆಯರಲ್ಲಿ ಒಬ್ಬರು ನವ್ಯಕಾವ್ಯವನ್ನೂ ಮತ್ತೊಬ್ಬರು ಪ್ರಜಾಪ್ರಭುತ್ವವನ್ನೂ ಆರಿಸಿಕೊಂಡರು. ನಾನು ರಸ್ತೆಯ ಉಬ್ಬನ್ನು ಕುರಿತು ಬರೆಯುತ್ತೇನೆಂದಾಗ ಇಬ್ಬರೂ ನಕ್ಕರು. "ಅದರ ವಿಷಯ ಬರೆಯುವುದಕ್ಕೇನಿದೆ? ಎಗರಿ ಬಿದ್ದರೆ ತಾನೇ ಗೊತ್ತಾಗುತ್ತದೆ" ಎಂದರು. ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮ್ಮ ಮನೆಯಲ್ಲಿ ಒಬ್ಬರು ನಿಜವಾಗಿಯೂ ಎಗರಿ ಬಿದ್ದಿದ್ದಾರೆ. ಆದಕಾರಣ ಈ ವಿಷಯ ನನಗೆ ನಗೆಯದಾಗಿ ಉಳಿದಿಲ್ಲ. ಉಪಾಧ್ಯಾಯರೂ ಸಹಪಾಠಿಗಳೂ ಸ್ವಲ್ಪ ಹೊತ್ತು ತಾಳ್ಮೆಯಿಂದ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಮ್ಮ ಊರಿಗೂ ಕಾಲೇಜಿಗೂ 9 ಕಿಲೋಮೀಟರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹತ್ತಿಸಿದವರು ಯಾರೆಂದು ಕೇಳಿದರೆ ತಂದೆತಾಯಿಗಳ ತರುವಾಯ ನಾನು ಸೈಕಲ್ಲಿನ ಹೆಸರನ್ನೇ ಹೇಳಬೇಕು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ನಮ್ಮ ರಾಜ್ಯ 2006–07ರಲ್ಲಿ ಆರಂಭಿಸಿತು. ನನ್ನ ಸರದಿ 2018ರಲ್ಲಿ ಬಂತು. ಆ ಸೈಕಲ್ಲಿನ ಮೇಲೆಯೇ ನಾನು ಹೈಸ್ಕೂಲು ಮುಗಿಸಿದೆ, ಪಿ.ಯು.ಸಿ. ಮುಗಿಸಿದೆ. ಈಗ ಅದು ನನ್ನ ತಂಗಿಯದು. ನಾನು ಕಾಲೇಜಿಗೆ ಬರುವುದು ತಂದೆಯವರ ಹಳೆಯ ಸೈಕಲ್ಲಿನಲ್ಲಿ. ಅವರು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಅದು ನನಗೆ. ಹೀಗೆ ನಮ್ಮ ಮನೆಯ ನಾಲ್ವರ ಬದುಕು ಎರಡು ಸೈಕಲ್ಲುಗಳ ಮೇಲೆ ನಡೆಯುತ್ತದೆ. ನಮ್ಮದೊಂದು ವಿಚಿತ್ರ ಮನೆಯೇನೂ ಅಲ್ಲ. 2011ರ ಜನಗಣತಿಯಲ್ಲಿ ಈ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ಲು ಇತ್ತು. ಕಾರು ಇದ್ದ ಮನೆಗಳು ನೂರಕ್ಕೆ ಐದೂ ಇರಲಿಲ್ಲ. ಅಂದಿನಿಂದ ಮೋಟಾರು ಸೈಕಲ್ಲು ಹೆಚ್ಚಿರಬಹುದು, ಕಾರೂ ಹೆಚ್ಚಿರಬಹುದು. ಆದರೂ ಬೆಳಿಗ್ಗೆ ಎಂಟು ಗಂಟೆಗೆ ಯಾವುದಾದರೂ ಹಳ್ಳಿಯ ಹೈಸ್ಕೂಲಿನ ಮುಂದೆ ನಿಂತು ನೋಡಿದರೆ ಸೈಕಲ್ಲು ಇನ್ನೂ ಸತ್ತಿಲ್ಲವೆಂಬುದು ತಿಳಿಯುತ್ತದೆ.

ಹಿಂದೆ ನಮ್ಮ ಊರಿನ ರಸ್ತೆ ತೀರ ಕೆಟ್ಟಿತ್ತು. ಆಗ ನಾವೆಲ್ಲರೂ ಅದನ್ನು ಬೈಯುತ್ತಿದ್ದೆವು. ಆ ಗುಂಡಿಗಳೇ ನಮ್ಮ ಪೊಲೀಸಿನವರಾಗಿದ್ದವೆಂಬುದು ಆಗ ನಮಗೆ ಹೊಳೆದಿರಲಿಲ್ಲ. ಎರಡು ವರ್ಷಗಳ ಕೆಳಗೆ ರಸ್ತೆಯನ್ನು ಅಗಲ ಮಾಡಿ ಡಾಂಬರು ಹಾಕಿದರು. ಊರಿಗೆ ಹಬ್ಬವಾಯಿತು. ತಿಂಗಳೊಳಗೆ ತಂದೆಯವರು ಒಂದು ಮಾತು ಹೇಳಿದರು: "ರಸ್ತೆ ಚೆನ್ನಾಯ್ತು ಕಣಪ್ಪ, ಆದ್ರೆ ನಾವು ಹೋಗೋ ಹಂಗಿಲ್ಲ." ಲಾರಿಗಳೂ ಕಾರುಗಳೂ ಮೋಟಾರು ಸೈಕಲ್ಲುಗಳೂ ಊರಿನ ನಡುವೆ ಬಾಣದಂತೆ ಹೋಗತೊಡಗಿದ್ದವು. ಒಂದು ದಿನ ಶಾಲೆ ಬಿಟ್ಟ ಹೊತ್ತಿನಲ್ಲಿ ಐದನೆಯ ತರಗತಿಯ ಹುಡುಗನೊಬ್ಬನು ಕಾರಿಗೆ ಸಿಕ್ಕಿ ತೀರಿಕೊಂಡನು.

ಊರು ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ರಾತ್ರಿ ಯಾರನ್ನೂ ಕೇಳದೆ, ಯಾರ ಅಪ್ಪಣೆಗೂ ಕಾಯದೆ, ಊರಿನವರೇ ಸೇರಿ ಶಾಲೆಯ ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಹಂಪು ಹಾಕಿದರು. ಜಲ್ಲಿ, ಸಿಮೆಂಟು, ಮರಳು ಎಲ್ಲವನ್ನೂ ಒಬ್ಬೊಬ್ಬರು ತಂದರು. ಬುಟ್ಟಿಯಲ್ಲಿ ಜಲ್ಲಿ ಹೊತ್ತವರಲ್ಲಿ ನಮ್ಮ ತಂದೆಯವರೂ ಒಬ್ಬರು. ನಾನು ಟಾರ್ಚು ಹಿಡಿದು ನಿಂತಿದ್ದೆ.

ಎರಡು ತಿಂಗಳಾದ ಮೇಲೆ, ಮಳೆಗಾಲದ ಒಂದು ಬೆಳಗಿನ ಜಾವ, ತಂದೆಯವರು ಎರಡು ಕ್ಯಾನು ಹಾಲು ಕಟ್ಟಿಕೊಂಡು ಡೇರಿಗೆ ಹೊರಟಿದ್ದರು. ಬೀದಿಯ ದೀಪ ಉರಿಯುತ್ತಿರಲಿಲ್ಲ. ಹಂಪಿಗೆ ಬಣ್ಣ ಬಳಿದಿರಲಿಲ್ಲ. ಇದಿರಿನಿಂದ ಬಂದ ವಾಹನದ ದೀಪ ಕಣ್ಣಿಗೆ ಹೊಡೆಯಿತು. ಮುಂದಿನ ಚಕ್ರ ಹಂಪಿಗೆ ತಾಗಿ ಅವರು ಎಗರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಹಾಲು ರಸ್ತೆಯ ಪಾಲಾಯಿತು. ಆರು ವಾರ ಕೈಗೆ ಕಟ್ಟು. ತಾವೇ ಹೊತ್ತ ಜಲ್ಲಿಯ ಮೇಲೆ ತಾವೇ ಬಿದ್ದರೆಂದು ಊರಿನವರು ಮರುಕಪಟ್ಟರು. ಮರುದಿನವೇ ಅಮ್ಮ ತಂಗಿಯ ಸೈಕಲ್ಲಿಗೆ ಬೀಗ ಹಾಕಿ ಬೀಗದ ಕೈಯನ್ನು ಸಾಸಿವೆ ಡಬ್ಬಿಯಲ್ಲಿ ಇಟ್ಟುಬಿಟ್ಟರು. ತಂಗಿ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಹೈಸ್ಕೂಲಿಗೆ ನಾಲ್ಕು ಕಿಲೋಮೀಟರು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ ನಿಜ. ಆದರೆ ಶಾಲೆಯ ಹೊತ್ತಿಗೆ ಬರುವ ಒಂದೇ ಬಸ್ಸು ತುಂಬಿದ್ದರೆ ನಮ್ಮ ಊರಿನಲ್ಲಿ ನಿಲ್ಲುವುದಿಲ್ಲ. ಅಂಥ ದಿನ ಅವಳು ನಡೆಯುತ್ತಾಳೆ. ಅವಳು ನನ್ನನ್ನು ಕೇಳಿದಳು: "ಅಣ್ಣ, ತಪ್ಪು ಸೈಕಲ್ಲಿಂದಾ, ಹಂಪಿಂದಾ?"

ಈ ಲೇಖನ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ.

ಮೊದಲು ಹಂಪನ್ನು ಅಳೆಯಬೇಕೆನಿಸಿತು. ನಮ್ಮ ಭೂಗೋಳ ವಿಭಾಗದ ಉಪಾಧ್ಯಾಯರು ದಯವಿಟ್ಟು ಅಳತೆಯ ಟೇಪನ್ನು ಕೊಟ್ಟರು. ಇಬ್ಬರು ಗೆಳೆಯರೂ ನಾನೂ ಒಂದು ಭಾನುವಾರ ದಾರ ಕಟ್ಟಿ ಅಳೆದೆವು. ಎತ್ತರ 15 ಸೆಂಟಿಮೀಟರು. ವಾಹನ ಹೋಗುವ ದಿಕ್ಕಿನಲ್ಲಿ ಅಗಲ 60 ಸೆಂಟಿಮೀಟರು. ಎಂದರೆ 30 ಸೆಂಟಿಮೀಟರು ಮುಂದೆ ಹೋಗುವಷ್ಟರಲ್ಲಿ 15 ಸೆಂಟಿಮೀಟರು ಏರಬೇಕು. ಇದು ಏರಲ್ಲ, ಗೋಡೆ.

ಇದಕ್ಕೊಂದು ಅಳತೆ ಇರಬೇಕಲ್ಲವೆ ಎಂದು ಹುಡುಕಿದೆ. ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ 1988ರಲ್ಲಿಯೇ ಉಬ್ಬುಗಳಿಗೆ ಒಂದು ಮಾರ್ಗಸೂಚಿಯನ್ನು ಹೊರಡಿಸಿ 2018ರಲ್ಲಿ ಅದನ್ನು ಪರಿಷ್ಕರಿಸಿತು. 1988ರ ಸೂಚಿಯ ಪ್ರಕಾರ ವಾಹನಗಳು ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟಬೇಕಾದ ಕಡೆ ಉಬ್ಬಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು; ಅದರ ಬೆನ್ನು 17 ಮೀಟರು ತ್ರಿಜ್ಯದ ವೃತ್ತದ ತುಣುಕಿನಂತೆ ಬಾಗಿರಬೇಕು. ಕಪ್ಪು ಬಿಳಿ ಪಟ್ಟೆಗಳನ್ನು ಬಳಿಯಬೇಕು. 40 ಮೀಟರು ಮೊದಲೇ ಎಚ್ಚರಿಕೆಯ ಫಲಕವಿರಬೇಕು. ನಮ್ಮ ಹಂಪು ಅದಕ್ಕಿಂತ ಒಂದೂವರೆ ಪಟ್ಟು ಎತ್ತರ, ಆರನೆಯ ಒಂದು ಪಾಲು ಅಗಲ. ಬಣ್ಣವೂ ಇಲ್ಲ, ಫಲಕವೂ ಇಲ್ಲ. ನಮ್ಮ ಊರಿನವರು ಮಾತ್ರ ಹೀಗೆ ಮಾಡಿದ್ದಾರೆಂದು ಯಾರೂ ತಿಳಿಯಬಾರದು. ಕಾಲೇಜಿಗೆ ಬರುವ ಹಾದಿಯಲ್ಲಿ ಇನ್ನೂ ನಾಲ್ಕು ಹಂಪುಗಳನ್ನು ಅಳೆದೆವು. ಅವುಗಳಲ್ಲಿ ಎರಡು ಜನರು ಹಾಕಿದವಲ್ಲ. ಒಂದೂ ಈ ಅಳತೆಗೆ ಹೊಂದಲಿಲ್ಲ.

ಇಷ್ಟೊಂದು ಅಗಲ ಏತಕ್ಕೆ? ಇದರಲ್ಲಿ ಒಂದು ಸ್ವಾರಸ್ಯವಿದೆ. 1973ರಲ್ಲಿ ಇಂಗ್ಲೆಂಡಿನ ರಸ್ತೆ ಸಂಶೋಧನಾಲಯದಲ್ಲಿ ವಾಟ್ಸ್ ಎಂಬವರು ನಾನಾ ಆಕಾರದ ಉಬ್ಬುಗಳನ್ನು ಪರೀಕ್ಷಿಸಿ 12 ಅಡಿ ಅಗಲದ ದುಂಡು ಉಬ್ಬನ್ನು ಸೂಚಿಸಿದರು. ನಮ್ಮ 3.7 ಮೀಟರು ಎಂಬುದು ಅದೇ 12 ಅಡಿ. ಗಿಡ್ಡ ಹಂಪಿನ ಮೇಲೆ ಕಾರು ನಿಧಾನವಾಗಿ ಹೋದರೆ ಒಳಗಿದ್ದವರು ಎದ್ದು ಬೀಳುತ್ತಾರೆ; ವೇಗವಾಗಿ ಹಾರಿಸಿದರೆ ಚಕ್ರಕ್ಕೆ ಬಿದ್ದ ಪೆಟ್ಟನ್ನು ಸ್ಪ್ರಿಂಗು ನುಂಗಿಬಿಡುತ್ತದೆ. ಅಗಲವಾದ ಉಬ್ಬಿನ ಮೇಲೆ ಹಾಗಲ್ಲ: ಕಾರಿಗೆ ಕಾರೇ ಏರಿ ಇಳಿಯಬೇಕು, ವೇಗ ಹೆಚ್ಚಿದಷ್ಟೂ ಕುಲುಕಾಟ ಹೆಚ್ಚು. ಎಂದರೆ ಗಿಡ್ಡ ಹಂಪು ನಿಧಾನವಾಗಿ ಬರುವವನನ್ನು ದಂಡಿಸಿ ಧಾವಿಸಿ ಬರುವವನನ್ನು ಬಿಟ್ಟುಬಿಡುತ್ತದೆ. ಅಗಲವಾದ ಉಬ್ಬು ಧಾವಿಸುವವನನ್ನು ದಂಡಿಸಿ ನಿಧಾನದವನನ್ನು ಬಿಡುತ್ತದೆ. ಯಾವುದು ನ್ಯಾಯ?

ಇನ್ನು ಸೈಕಲ್ಲಿನ ಮಾತು. ಅದಕ್ಕೆ ಸ್ಪ್ರಿಂಗಿಲ್ಲ. ಎರಡೇ ಚಕ್ರ. ನಮ್ಮ ಕಡೆಯ ಸೈಕಲ್ಲುಗಳಲ್ಲಿ ದೀಪ ಇದ್ದದ್ದು ಉಂಟೆಂದು ಹಿರಿಯರು ಹೇಳುತ್ತಾರೆ. ನಾನು ಕಂಡದ್ದು ಕಡಿಮೆ. 60 ಸೆಂಟಿಮೀಟರಿನ ಹಂಪನ್ನು ಮುಂದಿನ ಚಕ್ರ ಹತ್ತಿ ಇಳಿದ ಮೇಲೆ ಹಿಂದಿನ ಚಕ್ರ ಹತ್ತುತ್ತದೆ. ಆದ್ದರಿಂದ ಸವಾರನಿಗೆ ಎರಡು ಬಾರಿ ಪೆಟ್ಟು. ಹಾಲಿನ ಕ್ಯಾನೋ ಹುಲ್ಲಿನ ಹೊರೆಯೋ ಇದ್ದರೆ ಅದು ಒಂದು ಕಡೆಗೆ ವಾಲುತ್ತದೆ. ಮೇಲಾಗಿ, ಕಾರಿನವನು ಬ್ರೇಕು ಹಾಕಿ ಕಳೆದುಕೊಂಡ ವೇಗವನ್ನು ಪೆಟ್ರೋಲು ತಂದುಕೊಡುತ್ತದೆ. ಸೈಕಲ್ಲಿನವನಿಗೆ ಅದನ್ನು ತಂದುಕೊಡಬೇಕಾದ್ದು ಅವನ ಮೀನಖಂಡ. ಅಪಾಯವನ್ನು ಉಂಟುಮಾಡದವನೇ ಅಪಾಯ ನಿವಾರಣೆಯ ಸುಂಕವನ್ನು ತೆರುತ್ತಾನೆ.

ಹಾಗಾದರೆ ಹಂಪುಗಳನ್ನು ಕಿತ್ತೊಗೆದರೆ ಆಯಿತಲ್ಲ ಎಂದು ಯಾರಾದರೂ ಹೇಳಬಹುದು. ಖಂಡಿತ ಕೂಡದು. ವೇಗ ಏನು ಮಾಡುತ್ತದೆಂಬುದನ್ನು ಒಂದು ಸರಳ ಲೆಕ್ಕದಿಂದ ತೋರಿಸಬಹುದು. ಮಗುವೊಂದು ಅಡ್ಡ ಬಂದಿತು. ಚಾಲಕನು ಅದನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವುದಕ್ಕೆ ಒಂದು ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. ಗಂಟೆಗೆ 30 ಕಿಲೋಮೀಟರು ವೇಗದ ಕಾರು ಆ ಸೆಕೆಂಡಿನಲ್ಲಿ 8.3 ಮೀಟರು ಹೋಗುತ್ತದೆ. ಒಳ್ಳೆಯ ಒಣ ರಸ್ತೆಯಲ್ಲಿ ಇನ್ನು ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 13 ಮೀಟರಿನ ಆಸುಪಾಸು. ಅದೇ ಕಾರು 50ರ ವೇಗದಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲಿಯೇ 13.9 ಮೀಟರು ಹೋಗಿರುತ್ತದೆ. ಎಂದರೆ ನಿಧಾನದ ಕಾರು ಪೂರ್ತಿ ನಿಂತಿರುವ ಸ್ಥಳದಲ್ಲಿ ವೇಗದ ಕಾರಿನ ಚಾಲಕನು ಇನ್ನೂ ಬ್ರೇಕನ್ನು ಮುಟ್ಟಿಯೇ ಇರುವುದಿಲ್ಲ. ಪೆಟ್ಟಿನ ಬಲವಾದರೋ ವೇಗದ ವರ್ಗದಂತೆ ಏರುತ್ತದೆ. 50ರ ಪೆಟ್ಟು 30ರ ಪೆಟ್ಟಿನ ಎರಡೂಮುಕ್ಕಾಲು ಪಟ್ಟು. ಮಗುವಿನ ಸಾವು ಬದುಕು ಇರುವುದು ಈ ಇಪ್ಪತ್ತು ಕಿಲೋಮೀಟರಿನ ಅಂತರದಲ್ಲಿ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇಷ್ಟು ಜನರನ್ನು ಒಂದು ಯುದ್ಧ ಕೊಂಡೊಯ್ದಿದ್ದರೆ ನಾವು ಸುಮ್ಮನಿರುತ್ತಿದ್ದೆವೆ?

ಈ ಸಂಕಟ ನಮಗೇ ಮೊದಲು ಬಂದದ್ದೇನೂ ಅಲ್ಲ. ಈಗ ಸೈಕಲ್ಲಿಗೆ ಹೆಸರಾದ ಹಾಲೆಂಡಿನಲ್ಲಿ 1971ರಲ್ಲಿ ರಸ್ತೆ ಅಪಘಾತಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಅಲ್ಲಿಯ ತಂದೆತಾಯಿಗಳು "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ಹೆಸರಿನಲ್ಲಿಯೇ ಚಳವಳಿ ಹೂಡಿ ಬೀದಿಗಿಳಿದರು. ಡೆಲ್ಫ್ಟ್ ಪಟ್ಟಣದ ಕೆಲವು ಬೀದಿಗಳಲ್ಲಿ ಮರ, ಕಟ್ಟೆ, ತಿರುವುಗಳನ್ನು ಇಟ್ಟು, ಕಾರು ನಡಿಗೆಯ ವೇಗದಲ್ಲಿಯೇ ಹೋಗುವಂತೆ ಮಾಡಿದರು. 1976ರಲ್ಲಿ ಅಂಥ ಬೀದಿಗಳಿಗೆ ಕಾನೂನಿನ ಬೆಂಬಲವೂ ದೊರೆಯಿತು. ಲಂಡನ್ನಿನಲ್ಲಿ ಗಂಟೆಗೆ 20 ಮೈಲಿಯ, ಎಂದರೆ 32 ಕಿಲೋಮೀಟರಿನ, ವಲಯಗಳನ್ನು ಮಾಡಿ ಅಲ್ಲಿ ಉಬ್ಬು ಮೊದಲಾದ ಏರ್ಪಾಡುಗಳನ್ನು ಹೂಡಿದರು. 1986ರಿಂದ 2006ರ ವರೆಗಿನ ಅಂಕಿಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ವಲಯಗಳಲ್ಲಿ ಸತ್ತು ನೊಂದವರ ಸಂಖ್ಯೆ ನೂರಕ್ಕೆ ಸುಮಾರು 42ರಷ್ಟು ಇಳಿದದ್ದು ಕಂಡುಬಂತು. ಬರಿಯ ಫಲಕದಿಂದ ಆದದ್ದಲ್ಲ, ರಸ್ತೆಯ ಆಕಾರವನ್ನೇ ಬದಲಿಸಿದ್ದರಿಂದ ಆದದ್ದು.

ಆದರೆ ಹೊರಗಿನದನ್ನು ಹಾಗೆಯೇ ತಂದು ನೆಟ್ಟರೆ ಆಗದು. ಯೂರೋಪಿನಲ್ಲಿ ಉಬ್ಬಿನ ಪಕ್ಕದಲ್ಲಿ ಸೈಕಲ್ಲು ನುಸುಳುವಷ್ಟು ಸಂದು ಬಿಡುವುದುಂಟು. ರಸ್ತೆಯ ನಡುವೆ ಚೌಕದ ದಿಂಬಿನಂಥ ಉಬ್ಬುಗಳನ್ನಿಟ್ಟು ನಡುನಡುವೆ ಸೈಕಲ್ಲಿಗೆ ದಾರಿ ಕೊಡುವುದೂ ಉಂಟು. ಅಲ್ಲಿ ಅಪಾಯ ಮುಖ್ಯವಾಗಿ ಕಾರಿನದು. ಇಲ್ಲಿ? 2022ರ ಸಾವುಗಳಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ಮೋಟಾರಿನ ದ್ವಿಚಕ್ರ ವಾಹನಗಳ ಮೇಲಿದ್ದವರು. ಸಂದು ಕಂಡರೆ ಸಾಕು, ಮೋಟಾರು ಸೈಕಲ್ಲಿನವರು ವೇಗವನ್ನು ಎಳ್ಳಷ್ಟೂ ತಗ್ಗಿಸದೆ ಅದರಲ್ಲಿ ನುಗ್ಗುತ್ತಾರೆ. ನಮ್ಮ ಊರಿನ ಹಂಪು ರಸ್ತೆಯ ಅಂಚಿಗೆ ಮುಟ್ಟಿಲ್ಲ. ಒಂದು ಮೊಳ ಬಿಟ್ಟಿದೆ. ಒಂದು ಸಂಜೆ ಅರ್ಧ ಗಂಟೆ ನಿಂತು ಎಣಿಸಿದೆ. ಹೋದ 41 ಮೋಟಾರು ಸೈಕಲ್ಲುಗಳಲ್ಲಿ 33 ಆ ಸಂದಿನಲ್ಲಿಯೇ ಹೋದವು. ಅದೇ ಅಂಚು ಸೈಕಲ್ಲಿನ ಹಾದಿ, ಅದೇ ಅಂಚು ನಡೆಯುವ ಮಕ್ಕಳ ಹಾದಿ. ಅಪಾಯವನ್ನು ರಸ್ತೆಯ ನಡುವಿನಿಂದ ತಂದು ಮಕ್ಕಳ ಮಗ್ಗುಲಿಗೆ ಇಟ್ಟಂತಾಯಿತು.

ಆದ್ದರಿಂದ ನನ್ನ ಅಭಿಪ್ರಾಯ ಇದು. ನಮ್ಮ ರಸ್ತೆಗಳಲ್ಲಿ ಸೈಕಲ್ಲಿಗೆಂದು ಸಂದು ಬಿಡುವುದು ಬೇಡ. ಸೈಕಲ್ಲಿಗೆ ಒಪ್ಪುವ ಆಕಾರ ಬೇಕು. ಉಬ್ಬು ಅಂಚಿನಿಂದ ಅಂಚಿಗೆ ಇರಲಿ, ಅಗಲವಾಗಿರಲಿ, ಅಲೆಯಂತೆ ಮೆಲ್ಲಗೆ ಎದ್ದು ಮೆಲ್ಲಗೆ ನೆಲಕ್ಕೆ ಕೂಡಿಕೊಳ್ಳಲಿ. ವೃತ್ತದ ತುಣುಕಿನಂಥ ಉಬ್ಬು ನೆಲಕ್ಕೆ ಸೇರುವಲ್ಲಿ ಒಂದು ಮೂಲೆ ಮೂಡುತ್ತದೆ. ಅಲೆಯ ಆಕಾರದ್ದಕ್ಕೆ ಆ ಮೂಲೆಯೂ ಇಲ್ಲ. ಹಾಲೆಂಡಿನಲ್ಲಿ ಸೈಕಲ್ಲಿನವರ ಅನುಕೂಲಕ್ಕಾಗಿ ಈ ಆಕಾರವನ್ನು ಬಳಸುತ್ತಾರೆ. ಶಾಲೆಯ ಬಾಗಿಲಲ್ಲಿ ಉಬ್ಬಿನ ತಲೆಯನ್ನು ಚಪ್ಪಟೆ ಮಾಡಿ, ಮಕ್ಕಳು ಅದರ ಮೇಲೆಯೇ ದಾಟುವಂತೆ ಮಾಡಬಹುದು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ಅದನ್ನು ಅಲುಗದೆ ದಾಟುತ್ತದೆ. 60ರ ವೇಗದ ಕಾರು ದಾಟಲಾರದು.

ಮತ್ತೆರಡು ಏರ್ಪಾಡುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಮೊದಲನೆಯದು, ಸಾಲಾಗಿ ಹಾಕುವ ದಪ್ಪ ಬಿಳಿಯ ಪಟ್ಟಿಗಳು. ಕಾರಿನಲ್ಲಿ ಅದು ಗಡಗಡ ಸದ್ದು. ಸೈಕಲ್ಲಿನ ಮೇಲೆ ಹಲ್ಲು ಕಟಕಟ. ಅದನ್ನು ತಪ್ಪಿಸಲು ಸೈಕಲ್ಲಿನವನು ಡಾಂಬರು ಬಿಟ್ಟು ಮಣ್ಣಿಗೆ ಇಳಿಯುತ್ತಾನೆ. ಮತ್ತೆ ಹತ್ತುವಾಗ ಜಾರುತ್ತಾನೆ. ಎರಡನೆಯದು, ರಸ್ತೆಯನ್ನು ಒಂದು ಕಡೆ ಕಿರಿದು ಮಾಡಿ ವಾಹನಗಳನ್ನು ತಡೆಯುವುದು. ಉಪಾಯ ಒಳ್ಳೆಯದೇ, ಆದರೆ ಆ ಇಕ್ಕಟ್ಟಿನಲ್ಲಿ ಸೈಕಲ್ಲೂ ಲಾರಿಯೂ ಒಟ್ಟಿಗೆ ಬಂದರೆ ಹಿಂಜರಿಯುವವರು ಯಾರೆಂದು ಹೇಳಬೇಕಾಗಿಲ್ಲ. ಕಿರಿದು ಮಾಡಿದ ಕಡೆ ಮೊದಲೇ ಉಬ್ಬಿನಿಂದ ವೇಗವನ್ನು ತಗ್ಗಿಸಿರಬೇಕು, ಇಲ್ಲವೆ ಸೈಕಲ್ಲಿಗೆ ಕಟ್ಟೆಯ ಹಿಂದೆ ಬೇರೆ ದಾರಿ ಇರಬೇಕು.

ಇದಕ್ಕೆ ಕೆಲವು ಆಕ್ಷೇಪಗಳಿವೆ. "ಚಾಲಕರಿಗೆ ಬುದ್ಧಿ ಹೇಳಿ, ದಂಡ ಹಾಕಿ, ರಸ್ತೆ ಏತಕ್ಕೆ ಕೆಡಿಸುತ್ತೀರಿ?" ಎನ್ನುವವರುಂಟು. ಬುದ್ಧಿ ಹೇಳಬೇಕು, ದಂಡವೂ ಬೇಕು. ಆದರೆ ಪೊಲೀಸಿನವರು ಸಂಜೆ ಮನೆಗೆ ಹೋಗುತ್ತಾರೆ, ಉಬ್ಬು ಹೋಗುವುದಿಲ್ಲ. "ಆಂಬುಲೆನ್ಸಿಗೆ ಅಡ್ಡಿ" ಎನ್ನುವ ಮಾತಿನಲ್ಲಿ ಸತ್ಯಾಂಶವಿದೆ. ಅದಕ್ಕಾಗಿಯೇ ಉಬ್ಬುಗಳನ್ನು ಶಾಲೆ, ಸಂತೆ, ಕೂಡುರಸ್ತೆಗಳಂಥ ಬೇಕಾದ ಕಡೆ ಮಾತ್ರ ಹಾಕಬೇಕು. ರೋಗಿಗೆ ಕೂಡ ಗೋಡೆಯಂಥ ಹಂಪಿಗಿಂತ ಅಲೆಯಂಥ ಉಬ್ಬು ಮೇಲು. "ಸೈಕಲ್ಲಿಗೆ ಬೇರೆಯ ರಸ್ತೆಯೇ ಇರಲಿ" ಎಂಬುದು ಮೂರನೆಯ ವಾದ. ವಾಹನಗಳು 80ರ ವೇಗದಲ್ಲಿ ಹೋಗುವ ಹೆದ್ದಾರಿಯಲ್ಲಿ ಅದು ಇರಲೇಬೇಕು. ಅಲ್ಲಿ ಉಬ್ಬು ಹಾಕುವುದು ತಕ್ಕದ್ದೂ ಅಲ್ಲ. ಆದರೆ ಎರಡು ಕಡೆಯೂ ಮನೆಗಳ ಜಗಲಿ ಇರುವ ನಮ್ಮ ಊರಬೀದಿಯಲ್ಲಿ ಬೇರೆ ದಾರಿಗೆ ಜಾಗವೆಲ್ಲಿ? ಅಲ್ಲಿ ಎಲ್ಲರೂ ಒಂದೇ ಡಾಂಬರನ್ನು ಹಂಚಿಕೊಳ್ಳಬೇಕು. ಹಂಚಿಕೊಳ್ಳುವಾಗ ದೊಡ್ಡವನು ಚಿಕ್ಕವನ ವೇಗಕ್ಕೆ ಇಳಿಯಬೇಕು. ಚಿಕ್ಕವನು ದೊಡ್ಡವನಿಗೆ ಹೆದರಿ ಮನೆಯಲ್ಲಿ ಕುಳಿತುಕೊಳ್ಳಬೇಕೆಂಬುದು ನ್ಯಾಯವಲ್ಲ.

ನಾವೇನು ಮಾಡಬಹುದು? ನಾವು ಕಲಾ ವಿಭಾಗದ ವಿದ್ಯಾರ್ಥಿಗಳು, ಎಂಜಿನಿಯರುಗಳಲ್ಲ. ಆದರೂ ಟೇಪು ಹಿಡಿಯುವುದಕ್ಕೆ ಎಂಜಿನಿಯರಾಗಬೇಕಾಗಿಲ್ಲ. ನಮ್ಮ ಕಾಲೇಜಿಗೆ ಸುತ್ತಣ ಅನೇಕ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಎನ್.ಎಸ್.ಎಸ್. ಶಿಬಿರದಲ್ಲಿ ಪ್ರತಿ ವರ್ಷ ರಸ್ತೆ ಗುಡಿಸುತ್ತೇವೆ. ಒಂದು ವರ್ಷ ರಸ್ತೆಯನ್ನು ಅಳೆಯೋಣ. ಪ್ರತಿಯೊಬ್ಬರೂ ತಮ್ಮ ಊರಿನ ಹಂಪಿನ ಎತ್ತರ, ಅಗಲ, ಬಣ್ಣ, ಫಲಕ, ದೀಪ ಇವನ್ನು ಬರೆದುಕೊಂಡು ಬಂದರೆ ತಾಲ್ಲೂಕಿನ ಒಂದು ನಕ್ಷೆಯೇ ಸಿದ್ಧವಾಗುತ್ತದೆ. ಭೂಗೋಳದವರು ನಕ್ಷೆ ಬರೆಯಲಿ, ಅರ್ಥಶಾಸ್ತ್ರದವರು ಲೆಕ್ಕ ಹಾಕಲಿ, ಕನ್ನಡದವರು ಅರ್ಜಿ ಬರೆಯಲಿ. ಗ್ರಾಮಸಭೆಯಲ್ಲಿ ಕೂಗಾಡುವುದಕ್ಕಿಂತ ಅಳತೆಯ ಒಂದು ಕಾಗದ ಹೆಚ್ಚು ಕೆಲಸ ಮಾಡೀತು.

ಹೆಚ್ಚು ಎಂದು ಆಣೆ ಮಾಡಿ ಹೇಳಲಾರೆ. ನಾನು ನಮ್ಮ ಊರಿನ ಶಾಲೆಯ ಮುಂದಿನ ಉಬ್ಬಿಗೆ ಒಂದು ಚಿತ್ರ ಬರೆದು ಪಂಚಾಯಿತಿಗೆ ಕೊಟ್ಟೆ. ಸದಸ್ಯರೊಬ್ಬರು ನೋಡಿ, "ಇಷ್ಟಗಲವಾ? ಇದು ಹಂಪೋ, ಮಲಗೋ ಜಗಲಿಯೋ?" ಎಂದು ನಕ್ಕರು. ಪಕ್ಕದಲ್ಲಿ ನಿಂತಿದ್ದ ತಂದೆಯವರು ನಗಲಿಲ್ಲ. ಆ ರಾತ್ರಿ ಜಲ್ಲಿ ಹೊತ್ತವರೆಲ್ಲರ ಹೆಸರನ್ನೂ ಒಂದೊಂದಾಗಿ ಹೇಳಿ, "ಅವತ್ತು ಮಗು ಹೋದ ಸಂಕಟಕ್ಕೆ ಹಾಕಿದ್ವಿ ಸ್ವಾಮಿ, ಅಳತೆ ಗೊತ್ತಿರಲಿಲ್ಲ. ಈಗ ಹುಡುಗ ಓದಿ ತಿಳ್ಕೊಂಡವ್ನೆ. ಇದನ್ನ ಕಿತ್ತು ಅದನ್ನ ಹಾಕೋಣ, ಜಲ್ಲಿ ನಾನೇ ಹೊರ್ತೀನಿ" ಎಂದರು. ಸದಸ್ಯರು ಚಿತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಮುಂದಿನ ಸಭೆಗೆ ಇಡುತ್ತೇನೆಂದಿದ್ದಾರೆ. ಸದ್ಯಕ್ಕೆ ನಾವು ಹಳೆಯ ಹಂಪಿಗೆ ಸುಣ್ಣ ಬಳಿದಿದ್ದೇವೆ, ರಾತ್ರಿ ಕಾಣುತ್ತದೆ.

ತಂಗಿಯ ಪ್ರಶ್ನೆಗೆ ಈಗ ನಾನು ಉತ್ತರ ಕೊಡಬಲ್ಲೆ. ತಪ್ಪು ಸೈಕಲ್ಲಿನದಲ್ಲ, ಹಂಪು ಹಾಕಬೇಕೆಂದ ಮನಸ್ಸಿನದೂ ಅಲ್ಲ, ಆಕಾರದ್ದು. ಆಕಾರವನ್ನು ತಿದ್ದಬಹುದು. ತಿದ್ದುವ ದಿನ ಬೇಗ ಬರಲಿ ಎಂಬುದೇ ನನ್ನ ಆಶೆ. ಬೀಗದ ಕೈ ಇನ್ನೂ ಸಾಸಿವೆ ಡಬ್ಬಿಯಲ್ಲಿಯೇ ಇದೆ.